ಮತಪೆಟ್ಟಿಗೆಗೆ ಬಿದ್ದ ಬೆಳ್ಳಿ ಕಣ್ಣು

ನಾನು ಕೆಲಸ ಮಾಡಿದ ವಿಧಾನಸಭಾ ಕ್ಷೇತ್ರ ಈಗ ನಕ್ಷೆಯಲ್ಲಿಲ್ಲ. ನಂಜನಗೂಡು ತಾಲ್ಲೂಕಿನ ಕೆಲವು ಹಳ್ಳಿ, ತಿ. ನರಸೀಪುರ ತಾಲ್ಲೂಕಿನ ಕೆಲವು ಹಳ್ಳಿ ಸೇರಿಸಿ, ಹೊಳೆಯ ಎರಡೂ ದಡಕ್ಕೆ ಕಾಲು ಚಾಚಿಕೊಂಡಿದ್ದ ಕ್ಷೇತ್ರ ಅದು. ಕ್ಷೇತ್ರಗಳ ಮರುವಿಂಗಡಣೆ ಬಂದಾಗ ಅದನ್ನು ಹರಿದು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿದರು. ಹೆಸರು ಬರೆದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ಹಾಗಾಗಿ ಹಳೇ ಕ್ಷೇತ್ರ ಎಂದಷ್ಟೇ ಕರೆಯುತ್ತೇನೆ.

ಮೊನ್ನೆ ತಾಲ್ಲೂಕು ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಳಲೆಯ ನಮ್ಮ ಮನೆ ಹುಡುಕಿಕೊಂಡು ಬಂದಳು. ಅವಳನ್ನು ಚುನಾವಣಾ ಶಾಖೆಗೆ ಹಾಕಿದ್ದಾರಂತೆ. ಐದು ವರ್ಷಕ್ಕೊಮ್ಮೆ ಕೆಲಸ, ಉಳಿದ ದಿನ ಗೊರಕೆ ಎಂದು ಬೇರೆ ಶಾಖೆಯವರು ಆಡಿಕೊಳ್ಳುತ್ತಾರೆ ಎಂದು ಮುಖ ಸಪ್ಪೆ ಮಾಡಿಕೊಂಡಿದ್ದಳು. ನನ್ನ ಕಾಲದಲ್ಲೂ ಇದೇ ಮಾತು ಆಡುತ್ತಿದ್ದರು. ನೋಡಿ, ನಲವತ್ತು ವರ್ಷದಲ್ಲಿ ಮತಪತ್ರ ಹೋಗಿ ಯಂತ್ರ ಬಂದರೂ ಕಚೇರಿಯ ಚಾಡಿಯಲ್ಲಿ ಒಂದಕ್ಷರ ಬದಲಾಗಿಲ್ಲ. ಅವಳಿಗೆ ಕಾಫಿ ಕೊಟ್ಟು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾದೆ. ಬಡ್ತಿಯ ಕಥೆ ಅಲ್ಲಿಗೆ ಮುಗಿಯಿತು. ಸುತ್ತಮುತ್ತ ನನ್ನನ್ನು ಇವತ್ತಿಗೂ ಎಲೆಕ್ಷನ್ ಸುಶೀಲಮ್ಮ ಎಂದೇ ಕರೆಯುತ್ತಾರೆ. ಇಂಥ ಬಿರುದಿದ್ದರೂ ನಾನು ಒಂದು ಪಂಚಾಯಿತಿ ಚುನಾವಣೆಗೂ ನಿಂತವಳಲ್ಲ.

ನನಗೆ ಕೆಲಸ ಕಲಿಸಿದವರು ಶಿರಸ್ತೇದಾರ್ ಶಾಮಣ್ಣನವರು. ತೆಳ್ಳಗಿನ ಮೈ, ದಪ್ಪ ಕನ್ನಡಕ, ಸದಾ ಬಾಯಲ್ಲಿ ಒಂದು ಲವಂಗ. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ಇದು: "ಎಲೆಕ್ಷನ್ ಅಂದ್ರೆ ಮದುವೆ ಮನೆ ಇದ್ದಂಗೆ ಕಣಮ್ಮ. ಗಂಡು ಯಾರು ಅಂತ ನಾವು ಕೇಳ್ಬಾರ್ದು. ಚಪ್ಪರ ಬೀಳದಂಗೆ ನೋಡ್ಕಬೇಕು, ಅಷ್ಟೇ ನಮ್ಮ ಕೆಲ್ಸ."

ಹಳೇ ಕ್ಷೇತ್ರದ ಚರಿತ್ರೆಯೆಲ್ಲ ಶಾಮಣ್ಣನವರ ನಾಲಿಗೆಯ ಮೇಲಿತ್ತು. ಮೊದಮೊದಲ ಚುನಾವಣೆಗಳಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇರುತ್ತಿತ್ತಂತೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ ಅಂಟಿಸಿರುತ್ತಿದ್ದರು. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಪೆಟ್ಟಿಗೆ, ಅದಕ್ಕೊಂದು ಕಂಡಿ, ಮೇಲೊಂದು ಚಿತ್ರ ಎಂದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಸಂಜೆ ಪರದೆ ಸರಿಸಿ ನೋಡಿದರೆ ಪೆಟ್ಟಿಗೆಗಳ ಮೇಲೆಲ್ಲ ಕುಂಕುಮ, ಕಣಗಿಲೆ ಹೂ, ಬಿಲ್ವಪತ್ರೆ. ಒಬ್ಬ ಅಜ್ಜಿಯಂತೂ ಯಾರಿಗೂ ಬೇಜಾರಾಗಬಾರದೆಂದು ಎಲ್ಲ ಪೆಟ್ಟಿಗೆಗೂ ಹೂವಿಟ್ಟು, ತನ್ನ ಚೀಟಿಯನ್ನು ಒಂದರ ನೆತ್ತಿಯ ಮೇಲಿಟ್ಟು ಕೈಮುಗಿದು ಬಂದಿದ್ದಳಂತೆ. ಅಂಥ ಮತ ಎಣಿಕೆಗೆ ಬರುವುದಿಲ್ಲ ಎಂದು ಹೇಳುವಾಗ ಶಾಮಣ್ಣನವರಿಗೆ ಪ್ರತಿ ಸಲವೂ ಬೇಜಾರಾಗುತ್ತಿತ್ತು.

ನಾನು ಸೇರುವ ಹೊತ್ತಿಗೆ ಎಲ್ಲರಿಗೂ ಒಂದೇ ಪೆಟ್ಟಿಗೆ, ಒಂದೇ ಮತಪತ್ರ. ರಬ್ಬರ್ ಮೊಹರು ಒತ್ತಿ, ಮಡಿಚಿ ಹಾಕಬೇಕು. ಮತಗಟ್ಟೆ ನಡೆಸಲು ನಾವು ಕಳಿಸುತ್ತಿದ್ದವರಲ್ಲಿ ಬಹುಪಾಲು ಮೇಷ್ಟ್ರುಗಳು, ಲೆಕ್ಚರರುಗಳು. ಪಾಠ ಹೇಳುವುದರಲ್ಲಿ ಹುಲಿ, ಅರಗು ಕಂಡರೆ ಇಲಿ. ದೇವನೂರಿನ ಕಡೆಯ ಒಂದು ಬೂತಿಗೆ ಹೋಗಿದ್ದ ಲೆಕ್ಚರರು, ಸೀಲು ಮಾಡುವುದು ಮರೆತರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ, ಮತದಾನ ಶುರುವಾಗುವ ಮೊದಲೇ ಪೆಟ್ಟಿಗೆಯ ಕಂಡಿಗೂ ಅರಗು ಸುರಿದುಬಿಟ್ಟಿದ್ದರು. ಮೊದಲ ಮತದಾರ ಚೀಟಿ ಹಿಡಿದು ನಿಂತೇ ಇದ್ದ. ಬೇರೆ ಪೆಟ್ಟಿಗೆ ತೆಗೆದುಕೊಂಡು ಜೀಪು ಹೋಗಬೇಕಾಯಿತು. ಇನ್ನೊಂದು ಊರಿನಲ್ಲಿ ಅರ್ಚಕರೊಬ್ಬರು ಬೆರಳಿಗೆ ಶಾಯಿ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಅಭಿಷೇಕ ಮಾಡುವ ಕೈ ಮೈಲಿಗೆಯಾಗುತ್ತದೆ ಎಂಬುದು ಅವರ ವಾದ. ಅಭಿಷೇಕ ಬಲಗೈಯಲ್ಲಿ, ಶಾಯಿ ಎಡಗೈಗೆ ಎಂದು ಶಾಮಣ್ಣನವರು ಹೇಳಿಕಳಿಸಿದ ಮೇಲೆ ವಾದ ಅಲ್ಲಿಗೇ ನಿಂತಿತು.

ಇವೆಲ್ಲ ನಕ್ಕು ಮರೆಯುವಂಥವು. ನಾನು ಆ ಹುಡುಗಿಗೆ ಹೇಳಲೇಬೇಕೆಂದಿದ್ದದ್ದು ಹೊಳೆಕೊಪ್ಪಲಿನ ಪುಟ್ಟಮಾದಮ್ಮನ ಕಥೆಯನ್ನು.

ಹೊಳೆಕೊಪ್ಪಲು ಹೊಳೆಯ ದಂಡೆಯ ಸಣ್ಣ ಊರು. ಭತ್ತ, ಕಬ್ಬು, ಒಂದಿಷ್ಟು ಬಾಳೆ. ಆ ಊರಲ್ಲೊಂದು ಪದ್ಧತಿಯಿತ್ತು. ನಂಜುಂಡೇಶ್ವರನಿಗೆ ಹರಕೆ ಹೊತ್ತವರೆಲ್ಲ ತಾವೇ ನಂಜನಗೂಡಿಗೆ ಹೋಗಬೇಕೆಂದಿರಲಿಲ್ಲ. ಹುಣ್ಣಿಮೆ ಹತ್ತಿರ ಬಂದಾಗ ಊರ ಚಾವಡಿಯ ಕಲ್ಲುಜಗಲಿಯ ಮೇಲೆ ತಗಡಿನ ಡಬ್ಬಿಯೊಂದನ್ನು ಇಡುತ್ತಿದ್ದರು. ಅದರ ಮುಚ್ಚಳದಲ್ಲೊಂದು ಕಂಡಿ. ದೇವರಿಗೆಂದು ಎತ್ತಿಟ್ಟ ಮುಡಿಪನ್ನು ಅರಿಶಿನದ ಕೈಯಲ್ಲಿ ಅದರೊಳಗೆ ಹಾಕಬೇಕು. ಹುಣ್ಣಿಮೆಯ ದಿನ ಊರ ಹಿರಿಯರು ಡಬ್ಬಿಯನ್ನು ಹೊತ್ತುಕೊಂಡು ಹೋಗಿ ದೇವಸ್ಥಾನದ ಹುಂಡಿಗೆ ಸುರಿದು ಬರುತ್ತಿದ್ದರು. ನಂಜುಂಡಪ್ಪ ನಮ್ಮ ಸೀಮೆಗೆಲ್ಲ ವೈದ್ಯ. ಕಾಲು ನೋವಿನವರು ಬೆಳ್ಳಿಯ ಕಾಲು, ಕಣ್ಣು ನೋವಿನವರು ಬೆಳ್ಳಿಯ ಕಣ್ಣು ಒಪ್ಪಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವುದೇ.

ಆ ಸಲದ ವಿಧಾನಸಭಾ ಚುನಾವಣೆ ಸರಿಯಾಗಿ ಡಬ್ಬಿ ಇಡುವ ದಿನಗಳಲ್ಲೇ ಬಂತು. ಮತಗಟ್ಟೆಯೂ ಅದೇ ಚಾವಡಿ. ಹಿಂದಿನ ದಿನ ಬಂದ ಸಿಬ್ಬಂದಿ ಡಬ್ಬಿಯನ್ನು ಭಯಭಕ್ತಿಯಿಂದಲೇ ಒಳಕೋಣೆಗೆ ಸಾಗಿಸಿ, ಖಾಲಿಯಾದ ಜಗಲಿಯ ಮೇಲೆ ಮತಪೆಟ್ಟಿಗೆ ಇಟ್ಟರು. ಅಲ್ಲಿ ಬೆಳಕಿತ್ತು, ಪೆಟ್ಟಿಗೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಮತದಾನದ ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಬರುವಾಗ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು. ಹೆಸರು ಪುಟ್ಟಮಾದಮ್ಮ, ಊರು ಹೊಳೆಕೊಪ್ಪಲು. ನಾನು ಒಳಗೆ ಕರೆದು ನೀರು ಕೊಟ್ಟೆ. ಶಾಮಣ್ಣನವರೂ ಬಂದರು. ಅವಳ ಮಗಳು ಮಂಗಳ ಆಗಷ್ಟೇ ಹರೆಯಕ್ಕೆ ಬಂದ ಹುಡುಗಿ. ಕಬ್ಬು ಕಡಿಯುವಾಗ ಗರಿಯ ಅಲಗು ಅವಳ ಕಣ್ಣಿಗೆ ಹೊಡೆದು ಕಣ್ಣು ಬಾತು, ಬೆಳ್ಳಗಾಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪಟ್ಟಿ ಕಟ್ಟಿದ್ದರು. ಹುಣ್ಣಿಮೆ ಕಳೆದ ಮೇಲೆ ಬಿಚ್ಚುತ್ತೇವೆ, ದೃಷ್ಟಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ತಾಯಿ ಬೆಳ್ಳಿಯ ಕಣ್ಣು ಮಾಡಿಸಿ, ಅರಿಶಿನ ಹಚ್ಚಿ, ಮಗಳ ರೆಪ್ಪೆಗೆ ಮುಟ್ಟಿಸಿ ಮುಡಿಪು ಎತ್ತಿಟ್ಟಿದ್ದಳು. ಓಟು ಹಾಕುವ ದಿನ ಹೇಗೂ ಚಾವಡಿಗೆ ಹೋಗುತ್ತೇನಲ್ಲ ಎಂದು ಅದನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಅಲ್ಲಿಂದ ಮುಂದಿನದನ್ನು ಅವಳ ಮಾತಲ್ಲೇ ಕೇಳಬೇಕು. "ಅದೇ ಜಗ್ಲಿ ಕನವ್ವ, ಅದೇ ತರ ಕಂಡಿ. ಡಬ್ಬಿ ವಸಾದು ತಂದವ್ರೆ ಅನ್ಕಂಡಿ. ಮಡ್ಚಿ ಆಕಮ್ಮ ಅಂದ್ರು ಆ ಮೇಷ್ಟ್ರು. ಕಾಗ್ದ ಒಸಿ ಚೆಂದಾಗಿತ್ತು, ಕಣ್ಣ ಅದ್ರೊಳಿಕೇ ಮಡ್ಚಿ ಆಕ್ಬುಟ್ಟಿ." ಸಂಜೆ ಸಿಬ್ಬಂದಿ ಪೆಟ್ಟಿಗೆ ಕಟ್ಟಿಕೊಂಡು ಹೋದ ಮೇಲೆ, ಹಳೇ ಡಬ್ಬಿ ತನ್ನ ಜಾಗಕ್ಕೆ ಮರಳಿದ್ದನ್ನು ಕಂಡಾಗ ಅವಳಿಗೆ ತಪ್ಪು ಗೊತ್ತಾಯಿತು. ದೇವರಿಗೆ ಹೋಗಬೇಕಾದ ಕಣ್ಣು ಸರ್ಕಾರಕ್ಕೆ ಹೋಗಿತ್ತು.

ಅಷ್ಟರಲ್ಲಿ ನಮ್ಮ ಕಚೇರಿಯವರೆಲ್ಲ ಸುತ್ತ ನೆರೆದಿದ್ದರು. ಬುದ್ಧಿ ಹೇಳುವುದಕ್ಕೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಇನ್ನೊಂದು ಕಣ್ಣು ಮಾಡಿಸಿದರೆ ಆಯಿತಲ್ಲ ಎಂದು ಒಬ್ಬರು ಹೇಳಿದರು. ಪುಟ್ಟಮಾದಮ್ಮ ತಲೆಯಾಡಿಸಿದಳು. ಮಗಳ ರೆಪ್ಪೆಗೆ ಮುಟ್ಟಿಸಿದ್ದು ಆ ಕಣ್ಣು. ಈಗ ಅಲ್ಲಿ ಆಸ್ಪತ್ರೆಯ ಪಟ್ಟಿ ಇದೆ, ಇನ್ನೊಂದನ್ನು ಮುಟ್ಟಿಸುವುದು ಹೇಗೆ? ದೇವರ ಹೆಸರು ಹೇಳಿ ಎತ್ತಿಟ್ಟದ್ದನ್ನು ಬದಲಾಯಿಸಿದರೆ ಅದು ಹರಕೆಯೇ? ಅವಳು ಇಷ್ಟು ಕೇಳಿದ ಮೇಲೆ ಬುದ್ಧಿ ಹೇಳುವವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಹೋದರು.

ಎಲ್ಲರೂ ಹೋಗಿ ನಾನು, ಶಾಮಣ್ಣನವರು ಇಬ್ಬರೇ ಉಳಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅವಳ ಮನೆಯವರು ಊರ ಯಜಮಾನ ವೀರಭದ್ರಪ್ಪನವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದರು. ಚುನಾವಣೆಗೆ ಮೊದಲು ಯಜಮಾನರು ಊರನ್ನೆಲ್ಲ ಚಾವಡಿಗೆ ಕರೆಸಿ, ಓಟು ಯಾರಿಗೆ ಹಾಕಬೇಕೆಂದು ಅಪ್ಪಣೆ ಕೊಟ್ಟಿದ್ದರು. ಎಲ್ಲರೂ ಹೂಂ ಎಂದಿದ್ದರು. ಪುಟ್ಟಮಾದಮ್ಮನೂ ಹೂಂ ಎಂದಿದ್ದಳು. ಹೂಂ ಎಂದವರೆಲ್ಲ ಹಾಗೇ ಮಾಡಿದ್ದರೆ ನಮ್ಮ ಶಾಖೆಯೇ ಬೇಕಾಗಿರಲಿಲ್ಲ, ಅದು ಬೇರೆ ಮಾತು. ಅವಳು ದನಿ ತಗ್ಗಿಸಿ ಹೇಳಿದಳು: "ಕಣ್ಣ ಕೊಡ್ಸಿ ಸಾ. ಆದ್ರೆ ನಾನು ಯಾರ್ಗೆ ಒತ್ತಿವ್ನಿ ಅಂತ ಯಾರೂ ನೋಡ್ಬಾರ್ದು. ಯಜಮಾನ್ರಿಗೆ ಗೊತ್ತಾದ್ರೆ ನಾಳೀಕೆ ಒಲ ಬುಡಿ ಅಂತಾರೆ."

ಆಗ ನನಗೆ ಇಕ್ಕಟ್ಟು ಅರ್ಥವಾಯಿತು. ಕಣ್ಣು ಇರುವುದು ಅವಳ ಮತಪತ್ರದೊಳಗೆ. ಕಣ್ಣು ಎಲ್ಲಿ ಸಿಕ್ಕಿತೋ ಅದೇ ಅವಳ ಮತ. ಅದರಲ್ಲೂ ಎಣಿಕೆಯ ಮೇಜಿನ ಎದುರು ಅಭ್ಯರ್ಥಿಯ ಏಜೆಂಟಾಗಿ ಕೂರುವವರು ಬೇರೆ ಯಾರೂ ಅಲ್ಲ, ಆ ವೀರಭದ್ರಪ್ಪನವರೇ.

ಶಾಮಣ್ಣನವರು ನನ್ನನ್ನೂ ಕರೆದುಕೊಂಡು ಚುನಾವಣಾಧಿಕಾರಿಯ ಹತ್ತಿರ ಹೋದರು. ಧಾರವಾಡದ ಕಡೆಯವರು, ನಗುವುದು ಕಡಿಮೆ, ನಿಯಮದ ಪುಸ್ತಕವನ್ನು ದಿಂಬಿನ ಹಾಗೆ ಸದಾ ಹತ್ತಿರ ಇಟ್ಟುಕೊಳ್ಳುತ್ತಿದ್ದವರು. ಅವರಿಗೆ ಹೇಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದುಕೊಂಡೇ ಹೋದೆ. ಅವರು ಪೂರ್ತಿ ಕೇಳಿ, ಎಣಿಕೆಗೆ ಮೊದಲು ದೇವರೇ ಬಂದು ನಿಂತರೂ ಪೆಟ್ಟಿಗೆ ತೆರೆಯುವುದಿಲ್ಲ ಎಂದರು. ನಾವು ಎದ್ದೆವು. ಅವರು ಕೂರಿ ಎಂದು ಕೈಮಾಡಿ, ಪುಸ್ತಕ ತಿರುವಿದರು. ಬಹಳ ಹೊತ್ತು ತಿರುವಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು: "ಎಣಿಕಿ ದಿನಾ ಪೆಟಗಿಯೊಳಗ ಸಿಕ್ಕದ್ದನ್ನ ಮಾಲಕರಿಗೆ ಕೊಡಬಾರದು ಅಂತ ಎಲ್ಲೂ ಬರದಿಲ್ಲ. ಆದ್ರ ಆಕಿ ಓಟು ಯಾರಿಗೂ ಕಾಣಬಾರದು. ಅದು ಬರದೈತಿ. ಎರಡೂ ಆಗೂ ಹಂಗ ಮಾಡ್ರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಚೇರಿಗಳಲ್ಲಿ ದಿನಾ ಕೇಳಿ ಬೆಳೆದವಳು ನಾನು. ಅವತ್ತು ಮೊದಲ ಸಲ ವರ ಕೊಡುವ ಪೂಜಾರಿಯನ್ನು ನೋಡಿದೆ. ನನಗೆ ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಇಳಿದಿಲ್ಲ.

ಆ ಕಾಲದ ಎಣಿಕೆ ಹೇಗಿತ್ತೆಂದು ಈಗಿನವರಿಗೆ ಹೇಳಬೇಕು. ಪೆಟ್ಟಿಗೆ ತೆರೆದ ಕೂಡಲೇ ಯಾರಿಗೆ ಎಷ್ಟು ಎಂದು ನೋಡುತ್ತಿರಲಿಲ್ಲ. ಮೊದಲು ಮತಪತ್ರಗಳ ಬೆನ್ನು ಮೇಲೆ, ಮುಖ ಕೆಳಗೆ ಮಾಡಿ, ಒಟ್ಟು ಎಷ್ಟಿವೆ ಎಂದು ಎಣಿಸಿ ಕಟ್ಟು ಕಟ್ಟುತ್ತಿದ್ದೆವು. ಆಮೇಲೆ ಹಲವು ಊರಿನ ಕಟ್ಟುಗಳನ್ನು ಒಂದು ದೊಡ್ಡ ಡ್ರಮ್ಮಿಗೆ ಸುರಿದು ಕಲಸುತ್ತಿದ್ದೆವು. ಯಾವ ಊರು ಯಾರ ಕಡೆ ವಾಲಿತು ಎಂದು ಯಾರಿಗೂ ತಿಳಿಯಬಾರದು ಎಂಬುದೇ ಅದರ ಉದ್ದೇಶ. ಕಲಸಿದ ಮೇಲಷ್ಟೇ ಮುಖ ಮೇಲೆ ಮಾಡಿ ವಿಂಗಡಿಸುವುದು. ಶಾಮಣ್ಣನವರ ಉಪಾಯ ಸರಳವಾಗಿತ್ತು. ಮೊದಲ ಸುತ್ತಿನಲ್ಲಿ, ಮಡಿಕೆ ಬಿಡಿಸುವ ಮೊದಲೇ, ಹೊಳೆಕೊಪ್ಪಲಿನ ಪ್ರತಿ ಮತಪತ್ರವನ್ನೂ ತಟ್ಟೆಯ ಮೇಲೆ ಒದರಬೇಕು. ಕಣ್ಣು ತಟ್ಟೆಗೆ ಬೀಳುತ್ತದೆ, ಮತ ಡ್ರಮ್ಮಿಗೆ ಹೋಗುತ್ತದೆ. ಒದರುವ ಕೆಲಸ ನನ್ನದು.

ಎಣಿಕೆಯ ಮರುದಿನವೇ ಹುಣ್ಣಿಮೆ. ಎಣಿಕೆಯ ಬೆಳಿಗ್ಗೆ ಕಾಲೇಜಿನ ಸಭಾಂಗಣದಲ್ಲಿ ಮೇಜುಗಳು ಸಾಲಾಗಿ ನಿಂತಿದ್ದವು. ಬಿದಿರಿನ ತಡೆಯ ಆಚೆ ಏಜೆಂಟರು. ನನ್ನ ಮೇಜಿನ ಎದುರಿಗೇ ವೀರಭದ್ರಪ್ಪನವರು, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಪುಟ್ಟಮಾದಮ್ಮನ ಕಣ್ಣಿನ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು, ಅವರಿಗೂ ಗೊತ್ತಿತ್ತು. ಚುನಾವಣಾಧಿಕಾರಿಗಳು ಏಜೆಂಟರಿಗೆಲ್ಲ ವಿಷಯ ತಿಳಿಸಿ ಒಪ್ಪಿಗೆ ಪಡೆದರು. ವೀರಭದ್ರಪ್ಪನವರು ದೇವರ ಕೆಲಸಕ್ಕೆ ಅಡ್ಡಿಯಿಲ್ಲ ಎಂದರು. ಆದರೆ ಕುರ್ಚಿಯನ್ನು ಬಿದಿರಿಗೆ ತಾಗುವಷ್ಟು ಮುಂದೆ ಎಳೆದುಕೊಂಡರು. ಪುಟ್ಟಮಾದಮ್ಮ ಹೊರಗೆ ಗೇಟಿನ ಹತ್ತಿರ ನಿಂತಿದ್ದಳು.

ಹೊಳೆಕೊಪ್ಪಲಿನ ಪೆಟ್ಟಿಗೆ ಸುರಿದೆವು. ಒಂದಿಷ್ಟು ಬಿಲ್ವಪತ್ರೆ, ಕುಂಕುಮದ ಪೊಟ್ಟಣ ಉದುರಿದವು. ಜಗಲಿಯನ್ನು ನೋಡಿ ಮೋಸಹೋದವಳು ಪುಟ್ಟಮಾದಮ್ಮ ಒಬ್ಬಳೇ ಅಲ್ಲ. ನಾನು ಒಂದೊಂದೇ ಮತಪತ್ರ ಎತ್ತಿ ಒದರುತ್ತ ಹೋದೆ. ಕಣ್ಣು ಬೀಳಲಿಲ್ಲ. ರಾಶಿ ಕರಗುತ್ತ ಬಂತು. ಕೊನೆಕೊನೆಗೆ ಕೈಗೆ ಬಂದ ಒಂದು ಮತಪತ್ರ ಸ್ವಲ್ಪ ಭಾರವಾಗಿತ್ತು. ಒದರಿದೆ. ಬೀಳಲಿಲ್ಲ. ಮತ್ತೆ ಒದರಿದೆ. ಒಳಗಿನ ಅರಿಶಿನ ಒಣಗಿ, ಕಣ್ಣು ಕಾಗದಕ್ಕೆ ಅಂಟಿಕೊಂಡುಬಿಟ್ಟಿತ್ತು.

ಇದನ್ನು ಶಾಮಣ್ಣನವರೂ ಯೋಚಿಸಿರಲಿಲ್ಲ. ಬಿಡಿಸದೆ ಕಣ್ಣು ಬರುವುದಿಲ್ಲ, ಬಿಡಿಸಿದರೆ ಮೊಹರು ಕಾಣುತ್ತದೆ. ನಾನು ಶಾಮಣ್ಣನವರ ಮುಖ ನೋಡಿದೆ. ಅವರು ಬಾಯೊಳಗಿ‌ನ ಲವಂಗ ಅಗಿಯುವುದನ್ನು ನಿಲ್ಲಿಸಿದ್ದರು. ವೀರಭದ್ರಪ್ಪನವರ ಕುತ್ತಿಗೆ ಬಿದಿರಿನ ಮೇಲಿಂದ ಈಚೆ ಬಂದಿತ್ತು. ಬಿಟ್ಟುಬಿಡೋಣವೆಂದರೆ ಗೇಟಿನ ಹತ್ತಿರ ನಿಂತವಳು ನೆನಪಾದಳು. ನಂಜುಂಡಪ್ಪಾ, ನಿನ್ನ ಕಣ್ಣು, ನೀನೇ ನೋಡಿಕೋ ಎಂದು ಮನಸ್ಸಿನಲ್ಲೇ ಅಂದು ಮಡಿಕೆ ಬಿಡಿಸಿದೆ.

ಕಿಟಕಿಯ ಬೆಳಕಿಗೆ ಬೆಳ್ಳಿ ಮಿನುಗಿತು. ರೆಪ್ಪೆ, ಗುಡ್ಡೆ, ಹುಬ್ಬು ಎಲ್ಲ ಕೊರೆದ ಚೆಂದದ ಕಣ್ಣು. ನಂಜುಂಡೇಶ್ವರನ ಮುಡಿಪು ಕಂಡ ಕೂಡಲೇ ನಮ್ಮ ಸೀಮೆಯವರು ಏನು ಮಾಡುತ್ತಾರೋ ವೀರಭದ್ರಪ್ಪನವರು ಅದನ್ನೇ ಮಾಡಿದರು. ಚಪ್ಪಲಿ ಬಿಟ್ಟು ಎದ್ದು, ಎರಡೂ ಕೈ ಮುಗಿದು, ಕಣ್ಣು ಮುಚ್ಚಿದರು. ಅವರ ಪಕ್ಕದ ಏಜೆಂಟರೂ ಮುಚ್ಚಿದರು, ನನ್ನ ಮೇಜಿನ ಗುಮಾಸ್ತರೂ ಮುಚ್ಚಿದರು, ಹಿಂದೆ ನಿಂತ ಪೊಲೀಸಿನವನೂ ಮುಚ್ಚಿದ. ಕಳಲೆಯ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಮಾತ್ರ ಬೇರೆಯವಳೇ? ನನ್ನ ಕಣ್ಣೂ ತಾನಾಗಿ ಮುಚ್ಚಿಕೊಂಡಿತು. ಬೆರಳುಗಳು ಮಾತ್ರ ತಮ್ಮ ಕೆಲಸ ಮಾಡಿದವು. ಕಣ್ಣನ್ನು ಕಿತ್ತು, ಕಾಗದ ಮಡಿಚಿ, ರಾಶಿಯೊಳಕ್ಕೆ ತಳ್ಳಿದವು.

ಕಣ್ಣು ಬಿಟ್ಟಾಗ ಬೆಳ್ಳಿ ಕಣ್ಣು ತಟ್ಟೆಯಲ್ಲಿತ್ತು. ವೀರಭದ್ರಪ್ಪನವರಿಗೆ ಏನು ತಪ್ಪಿಹೋಯಿತೆಂದು ಆಗ ಹೊಳೆಯಿತು. ಗುರುತು ಅಂಟಿದ ಓಟು ನಿಯಮದ ಪ್ರಕಾರ ರದ್ದಾಗಬೇಕು, ಅದನ್ನು ತೆಗೆದು ತೋರಿಸಿ ಎಂದು ತಕರಾರು ಎತ್ತಿದರು. ಚುನಾವಣಾಧಿಕಾರಿಗಳು ಬಂದು ರಾಶಿಯನ್ನು ನೋಡಿದರು. ಮುಡಿಪಿನ ವಾರ, ಊರ ಹೆಂಗಸರ ಕೈಯೆಲ್ಲ ಅರಿಶಿನ. ರಾಶಿಯ ತುಂಬ ಹಳದಿ ಬೆರಳಚ್ಚಿನ ಮತಪತ್ರಗಳೇ.

"ಯಾವುದು ಅಂತ ನೀವ ತೋರಸ್ರಿ ಯಜಮಾನ್ರ," ಎಂದರು ಸಾಹೇಬರು.

ವೀರಭದ್ರಪ್ಪನವರು ರಾಶಿಯನ್ನೂ ನೋಡಿದರು, ತಟ್ಟೆಯನ್ನೂ ನೋಡಿದರು, ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತರು. ರಾಶಿ ಕಟ್ಟಾಯಿತು, ಕಟ್ಟು ಡ್ರಮ್ಮಿಗೆ ಹೋಯಿತು. ಶಾಮಣ್ಣನವರು ಲವಂಗ ಅಗಿಯಲು ಶುರುಮಾಡಿದರು.

ಕಣ್ಣನ್ನು ವಾರಸುದಾರಳಿಗೆ ಒಪ್ಪಿಸಲು ನಾನೇ ಗೇಟಿಗೆ ಹೋದೆ. ಪುಟ್ಟಮಾದಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಮೊದಲು ಕೇಳಿದ್ದು, ಯಾರಾದರೂ ನೋಡಿದರಾ ಎಂದು. ಇಲ್ಲ ಎಂದೆ. ನೀನು ನೋಡಿದೆಯಾ ಎಂದು ಕೇಳಿದಳು. ನಾನೂ ಇಲ್ಲ ಎಂದೆ. ಅವಳು ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸರ್ಕಾರ ಆಮೇಲೆ ನನಗೆ ಕೊಟ್ಟ ಯಾವ ಪ್ರಶಂಸಾಪತ್ರಕ್ಕೂ ಅಷ್ಟು ಸಂತೋಷವಾಗಲಿಲ್ಲ.

ಮರುದಿನ ಹುಣ್ಣಿಮೆಗೆ ಕಣ್ಣು ನಂಜನಗೂಡು ಸೇರಿತು. ಡಬ್ಬಿ ಹೊತ್ತ ಹಿರಿಯರಲ್ಲಿ ವೀರಭದ್ರಪ್ಪನವರೂ ಇದ್ದರಂತೆ. ಪುಟ್ಟಮಾದಮ್ಮನ ಮನೆಯವರಿಂದ ಹೊಲವನ್ನು ಯಾರೂ ಬಿಡಿಸಲಿಲ್ಲ. ಪಟ್ಟಿ ಬಿಚ್ಚಿದಾಗ ಮಂಗಳಳಿಗೆ ಮೊದಲು ಬೆಳಕು, ಆಮೇಲೆ ಆಕಾರ, ನಿಧಾನವಾಗಿ ಮುಕ್ಕಾಲು ಪಾಲು ದೃಷ್ಟಿ ಬಂತು. ಡಾಕ್ಟರ ಕೈಗುಣ ಎಂದರು ಕೆಲವರು. ನಂಜುಂಡಪ್ಪ ಎಂದರು ಕೆಲವರು. ನಾನು ಇಬ್ಬರಿಗೂ ಒಂದೊಂದು ಓಟು ಹಾಕುತ್ತೇನೆ. ಆ ಚುನಾವಣೆಯಲ್ಲಿ ಗೆದ್ದವರ ಹೆಸರು ಹೇಳಲು ಈಗ ನಾನೂ ತಡಕಾಡಬೇಕು.

ಆ ವರ್ಷದಿಂದ ಶಾಮಣ್ಣನವರು, ಅವರ ನಂತರ ನಾನು, ಮತಗಟ್ಟೆ ಸಿಬ್ಬಂದಿಯ ತರಬೇತಿಯಲ್ಲಿ ಒಂದು ಮಾತು ತಪ್ಪದೆ ಹೇಳುತ್ತಿದ್ದೆವು. ಪೆಟ್ಟಿಗೆ ಎಲ್ಲಿಡಬೇಕೆಂದು ನಿಯಮದ ಪುಸ್ತಕವನ್ನು ಕೇಳಿ, ಆಮೇಲೆ ಊರಿನ ಹೆಂಗಸರನ್ನು ಕೇಳಿ. ಆ ಜಾಗ ನಿಮಗೆ ಒಂದು ದಿನದ್ದು, ಅವರಿಗೆ ಉಳಿದ ದಿನಗಳದ್ದು. ಹೊಸ ಹುಡುಗಿ ಇದನ್ನು ಮೊಬೈಲಿನಲ್ಲಿ ಬರೆದುಕೊಂಡಳು.

ಆಮೇಲೆ ಯಂತ್ರ ಬಂತು. ಅರಗು, ಡ್ರಮ್ಮು, ಕಲಸುವುದು ಎಲ್ಲ ಹೋಯಿತು. ನಮ್ಮ ಬೆನ್ನು ನೋವೂ ಹೋಯಿತು, ಸುಳ್ಳು ಹೇಳುವುದಿಲ್ಲ. ಮೊದಲ ಸಲ ಯಂತ್ರದಲ್ಲಿ ವಿಧಾನಸಭೆಗೆ ಮತದಾನವಾದಾಗ ನಾನು ಬೂತುಗಳನ್ನು ನೋಡುತ್ತ ಹೊಳೆಕೊಪ್ಪಲಿಗೂ ಹೋಗಿದ್ದೆ. ಪುಟ್ಟಮಾದಮ್ಮ ಯಂತ್ರದ ಸುತ್ತ ಬಗ್ಗಿ ಬಗ್ಗಿ ಕಂಡಿ ಹುಡುಕಿದಳು. ಕಂಡಿಯಿಲ್ಲ, ಗುಂಡಿ ಒತ್ತಬೇಕು ಎಂದು ಅಧಿಕಾರಿ ಹೇಳಿದರು. ಒತ್ತಿದ ಕೂಡಲೇ ಕುಂಯ್ ಎಂದಿತು. ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, ಇದು ಹೀಗೆ ಕೂಗಿಕೊಂಡರೆ ಯಾರಿಗೆ ಒತ್ತಿದೆ ಎಂದು ಎಲ್ಲರಿಗೂ ಗೊತ್ತಾಗುವುದಿಲ್ಲವೇ ಎಂದು ಕೇಳಿದಳು. ಯಾರಿಗೆ ಒತ್ತಿದರೂ ಅದು ಒಂದೇ ಥರ ಕೂಗುತ್ತದೆ ಎಂದು ಸಮಾಧಾನ ಹೇಳಿದೆ.

ಯಂತ್ರದ ಆ ಮೊದಲ ಚುನಾವಣೆಯೇ ಹಳೇ ಕ್ಷೇತ್ರದ ಕಡೆಯ ಚುನಾವಣೆಯೂ ಆಯಿತು. ಮರುವಿಂಗಡಣೆಯ ಮೇಲೆ ಆಕ್ಷೇಪಣೆ ಹೇಳಲು ವೀರಭದ್ರಪ್ಪನವರು ಕೋಲೂರಿಕೊಂಡು ಕಚೇರಿಗೆ ಬಂದರು. ಹೊಳೆಯ ಈಚೆಯ ಊರು ಒಂದು ಕಡೆಗೆ, ಆಚೆಯ ಊರು ಇನ್ನೊಂದು ಕಡೆಗೆ, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಯಿತು ಎಂದು ನೊಂದುಕೊಂಡರು. ಅರ್ಜಿ ಕೊಟ್ಟ ಮೇಲೂ ಎದ್ದು ಹೋಗಲಿಲ್ಲ. ಕೋಲನ್ನು ನೆಲಕ್ಕೆ ಕುಟ್ಟುತ್ತ ಕೂತಿದ್ದವರು ಕೊನೆಗೆ ಕೇಳಿಯೇಬಿಟ್ಟರು: "ಕ್ಷೇತ್ರನೇ ಓಯ್ತು ಕನ ಮೇಡಮ್ಮರೆ, ಈಗ್ಲಾದ್ರೂ ನಿಜ ಏಳಿ. ಆವತ್ತು ಆಯಮ್ಮನ ಓಟು ಯಾರ್ಗಿತ್ತು?" ನಾನೂ ಕಣ್ಣು ಮುಚ್ಚಿದ್ದೆ ಎಂದೆ. ಅವರು ನಂಬಲಿಲ್ಲ. ಆದರೆ ನಗುತ್ತಲೇ ಎದ್ದು ಹೋದರು.

ಈಗ ನಾನು ಕಚೇರಿಯ ಹೊರಗಿನವಳು. ಕಳೆದ ಚುನಾವಣೆಯಲ್ಲಿ ತೀರಾ ವಯಸ್ಸಾದವರ ಮನೆಗೇ ಹೋಗಿ ಮತ ಪಡೆಯುವ ಏರ್ಪಾಟು ಬಂತು. ಯಂತ್ರವಲ್ಲ, ಕಾಗದದ ಮತಪತ್ರ. ಅದನ್ನು ಲಕೋಟೆಗೆ ಹಾಕಿ ಅಂಟಿಸಿ, ಸಿಬ್ಬಂದಿ ತಂದ ಪೆಟ್ಟಿಗೆಗೆ ಹಾಕಬೇಕು. ಮಂಗಳ ಈಗ ಅಂಗನವಾಡಿಯಲ್ಲಿದ್ದಾಳೆ, ತನ್ನೂರ ಮತದಾರರ ಪಟ್ಟಿಯ ಕೆಲಸವೂ ಅವಳದೇ. ತಂಡದವರನ್ನು ಅವಳೇ ತನ್ನ ತಾಯಿಯ ಹತ್ತಿರ ಕರೆದುಕೊಂಡು ಹೋಗಿದ್ದಳು. ಸಂಜೆ ನನಗೆ ಫೋನು ಮಾಡಿದಳು, ನಗು ತಡೆಯಲಾರದೆ.

ಪುಟ್ಟಮಾದಮ್ಮ ಪೆಟ್ಟಿಗೆಯ ಮೇಲೆ ಕೈಯಾಡಿಸಿ, ಕಂಡಿ ಸಿಕ್ಕ ಕೂಡಲೇ ಬಂತಲ್ಲ ವಾಪಸ್ಸು ಎಂದಳಂತೆ. ಒಳಮೂಲೆಗೆ ಹೋಗಿ ಓಟು ಮಾಡಿ ಲಕೋಟೆಗೆ ಹಾಕಿಕೊಂಡು ಬಂದಳು. ಪೆಟ್ಟಿಗೆಗೆ ಹಾಕುವ ಮೊದಲು ಆ ಲಕೋಟೆಯನ್ನು ತಲೆಕೆಳಗು ಹಿಡಿದು, ಮಡಿಲ ಮೇಲೆ ಚೆನ್ನಾಗಿ ಒದರಿ, ತಂಡದವರ ಮುಖ ನೋಡಿ ಹೇಳಿದಳು: "ನೋಡ್ಕಳಿ, ಈ ಸಲ ಏನೂ ಇಲ್ಲ." ಅಧಿಕಾರಿಗಳಿಗೆ ತಲೆಬುಡ ತಿಳಿಯಲಿಲ್ಲವಂತೆ.

ನಾನೂ ನಕ್ಕೆ. ನಕ್ಕು, ತಮಾಷೆಗೆಂದು ಕೇಳಿದೆ, ಅವ್ವ ಯಾರಿಗೆ ಹಾಕಿದಳು ಅಂತ ನೀನಾದರೂ ನೋಡಿದೆಯಾ ಎಂದು.

"ಎಲ್ಲಿ ನೋಡ್ಲಿ ಮೇಡಂ," ಎಂದಳು ಮಂಗಳ. "ಕಾಗ್ದ ಕೈಗೆ ಬಂದಿದ್ದೇ ತಡ, ನನ್ ಕಡೆ ತಿರುಕ್ಕಂಡು, ಮಗ, ಕಣ್ ಮುಚ್ಕ ಅಂದ್ಲು."

"ಮುಚ್ಚಿಕೊಂಡೆಯಾ?"

"ಮುಚ್ಕಂಡೆ. ಎರಡೂವೆ."